ಎರಡು ಊರಿನ ಗಟಾರ

ಮಂತ್ರಿ ಸುಳ್ಳು ಹೇಳಬಹುದು. ಪತ್ರಿಕೆ ಹೇಳಿಯೇ ಹೇಳುತ್ತದೆ. ಸೆರೆಸಿಕ್ಕ ಸೈನಿಕನಂತೂ ಇನ್ನೊಂದು ಏಟು ತಪ್ಪಿಸಿಕೊಳ್ಳಲು ಎದುರಿಗೆ ಕುಳಿತವನ ಮುಖ ನೋಡಿ ಅವನಿಗೆ ಬೇಕಾದದ್ದನ್ನೇ ಹೇಳುತ್ತಾನೆ. ಆದರೆ ಗಟಾರ ಸುಳ್ಳು ಹೇಳುವುದಿಲ್ಲ. ಒಂದು ಊರು ನಿನ್ನೆ ಏನು ತಿಂದಿತು, ಎಷ್ಟು ಹೆದರಿತು, ಎಷ್ಟು ಜನ ನಿದ್ದೆಗುಳಿಗೆ ನುಂಗಿದರು, ಎಷ್ಟು ಹೆಂಗಸರು ಬಸುರಾದರು, ಎಲ್ಲವೂ ಬೆಳಗಾಗುವುದರೊಳಗೆ ಗಟಾರಕ್ಕೆ ಬಂದು ಸೇರಿರುತ್ತದೆ. ಇದನ್ನು ಓದುವ ಯಂತ್ರ ಇದ್ದರೆ ಗೂಢಚಾರರು ಯಾಕೆ ಬೇಕು ಎಂದು ಯಾರೋ ಕೇಳಿದರು, ಯಂತ್ರ ಬಂತು. ಯಂತ್ರ ಬಂದ ಮೇಲೆ ಯುದ್ಧ ಬಂತೋ, ಯುದ್ಧ ಬಂದ ಮೇಲೆ ಯಂತ್ರ ಬಂತೋ, ಈಗ ಯಾರಿಗೂ ಸರಿಯಾಗಿ ನೆನಪಿಲ್ಲ.

ಬೆಟಗೇರಿಯಲ್ಲಿ ಮುಚ್ಚಿಹೋಗಿದ್ದ ಹತ್ತಿ ಜಿನ್ನಿನ ಕಟ್ಟಡದೊಳಗೆ ಆ ಯಂತ್ರವನ್ನು ಕೂರಿಸಿದ್ದರು. ಸರಕಾರಿ ಹೆಸರು ಮೂರು ಸಾಲಿನಷ್ಟಿತ್ತು. ಅಲ್ಲಿ ಕೆಲಸ ಮಾಡುವವರು ಅದನ್ನು ಮೂಗವ್ವ ಎಂದು ಕರೆಯುತ್ತಿದ್ದರು. ಎಮ್ಮೆ ಗಾತ್ರದ ಬಿಳಿ ಪೆಟ್ಟಿಗೆ. ಮುಂದೆ ಒಂದು ಸಣ್ಣ ಬಾಯಿ. ಆ ಬಾಯಿಗೆ ಚಮಚೆಯಷ್ಟು ಗಟಾರದ ನೀರು ಹಾಕಿದರೆ ಮುಕ್ಕಾಲು ಗಂಟೆ ಗೊರಗುಟ್ಟಿ, ಆಮೇಲೆ ಪರದೆಯ ಮೇಲೆ ಪಟ್ಟಿ ಕೊಡುತ್ತಿತ್ತು. ಹೆದರಿಕೆಯ ರಸ ಇಷ್ಟು. ಹಸಿದ ಮೈ ತನ್ನನ್ನೇ ತಾನು ಸುಟ್ಟುಕೊಂಡಾಗ ಹೊರಬೀಳುವ ಕೀಟೋನ್ ಇಷ್ಟು. ಚಹಾ, ಹೊಗೆಸೊಪ್ಪು, ನೋವಿನ ಗುಳಿಗೆ ಇಷ್ಟಿಷ್ಟು. ಜೊತೆಗೆ ತನ್ನ ಅಭಿಪ್ರಾಯವನ್ನೂ ಒಂದು ಸಾಲಿನಲ್ಲಿ ಹೇಳುತ್ತಿತ್ತು. ಯಾರೂ ಕೇಳದಿದ್ದರೂ ಅಭಿಪ್ರಾಯ ಹೇಳುವ ಗುಣ ಅದಕ್ಕೆ ಎಲ್ಲಿಂದ ಬಂತೋ.

ಅದರ ಯಜಮಾನಿ ಡಾಕ್ಟರ್ ನೀಲಾಂಬಿಕಾ ಸೂಡಿ. ಜೀವರಸಾಯನ ಓದಿದವಳು, ವಯಸ್ಸು ಮೂವತ್ತೆಂಟು. ಯುದ್ಧಕ್ಕೆ ಮೊದಲು ಸಕ್ಕರೆ ರೋಗಿಗಳ ಮೂತ್ರ ಪರೀಕ್ಷಿಸುತ್ತಿದ್ದಳು. ಈಗ ಒಂದು ಇಡೀ ಶತ್ರುಪಟ್ಟಣದ ಮೂತ್ರ ಪರೀಕ್ಷಿಸುತ್ತಿದ್ದಳು. ಇದನ್ನು ಬಡ್ತಿ ಎಂದು ಇಲಾಖೆ ಕರೆದಿತ್ತು. ಸಹಾಯಕ್ಕೆ ಇದ್ದವನು ದಾವಲಸಾಬ. ಅರವತ್ತಕ್ಕೆ ಎರಡು ಕಡಿಮೆ, ಜಿನ್ನು ಜಿನ್ನಾಗಿದ್ದಾಗಿನಿಂದ ಅಲ್ಲಿದ್ದವನು. ಮೊದಲು ಹತ್ತಿಯ ಧೂಳು ಕುಡಿದು ಕೆಮ್ಮಿದ, ಈಗ ಬಾಟಲಿ ತೊಳೆದು ಓಕರಿಸುತ್ತಿದ್ದ.

ದಿನಕ್ಕೆ ಎರಡು ಬಾಟಲಿ ಬರುತ್ತಿದ್ದವು, ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ನೀಲಿ. ಒಂದರಲ್ಲಿ ಸಮುದ್ರದಾಚೆಯ ಶತ್ರುಬಂದರಿನ ಗಟಾರ. ಮೀನಿನ ವೇಷದ ಸಣ್ಣ ಯಂತ್ರಗಳು ಅದನ್ನು ಹೀರಿಕೊಂಡು ನಮ್ಮ ಕರಾವಳಿಯ ಡಿಪೋಗೆ ತರುತ್ತಿದ್ದವು. ಇನ್ನೊಂದರಲ್ಲಿ ಬೆಟಗೇರಿಯದೇ ಗಟಾರ. ಹೋಲಿಸಿ ನೋಡಲು ನಮ್ಮದೂ ಒಂದು ಊರು ಬೇಕಲ್ಲ? ಬೆಟಗೇರಿಯ ಗಟಾರ ಬೆಟಗೇರಿಯಲ್ಲೇ ಹರಿಯುತ್ತಿದ್ದರೂ ಅದನ್ನು ನೇರವಾಗಿ ಮುಟ್ಟುವಂತಿರಲಿಲ್ಲ. ಅದು ಕರಾವಳಿಯ ಡಿಪೋಗೆ ಹೋಗಿ, ಅಲ್ಲಿ ಮುಚ್ಚಳ ಹಾಕಿಸಿಕೊಂಡು, ಘಟ್ಟ ಹತ್ತಿ ವಾಪಸು ಬರಬೇಕು. ಯಾವ ಬಾಟಲಿ ಯಾರದೆಂದು ಪರೀಕ್ಷಿಸುವವರಿಗೆ ತಿಳಿದರೆ ಮನಸ್ಸು ವಾಲುತ್ತದೆ ಎಂಬ ಕಾರಣಕ್ಕೆ ಬಾಟಲಿಯ ಮೇಲೆ ಹೆಸರಿಲ್ಲ, ತಾರೀಖೂ ಇಲ್ಲ. ಯುದ್ಧದ ಬೆಸ ದಿನಗಳಲ್ಲಿ ಕೆಂಪು ಮುಚ್ಚಳದ್ದು ಶತ್ರುವಿನದು, ಸಮ ದಿನಗಳಲ್ಲಿ ನೀಲಿಯದು. ಈ ಗುಟ್ಟು ನಿರ್ದೇಶಕ ಜಾಗೀರದಾರರ ಕಬ್ಬಿಣದ ಕಪಾಟಿನಲ್ಲಿತ್ತು. ಯಾರಿಗೂ ಗೊತ್ತಿರಬಾರದ ಗುಟ್ಟು ಎಂದು ಎಲ್ಲರಿಗೂ ಗೊತ್ತಿತ್ತು.

ಶತ್ರುಬಂದರಿಗೆ ಕಾಗದದಲ್ಲಿ 'ಪಟ್ಟಣ ಏಳು' ಎಂಬ ಹೆಸರು. ದಾವಲಸಾಬ ಅದನ್ನು ಬೀಗರ ಊರು ಎನ್ನುತ್ತಿದ್ದ. "ಇವತ್ತ ಬೀಗರು ಭಾಳ ಚಹಾ ಕುಡದಾರ್ರಿ ಬಾಯಾರ."

ಮೊದಲ ನಾಲ್ಕು ತಿಂಗಳು ಬೀಗರು ಚಹಾ ಕುಡಿದರು, ಮೀನು ತಿಂದರು, ಚೆನ್ನಾಗಿ ನಿದ್ದೆ ಮಾಡಿದರು. ಬೆಟಗೇರಿಯೇ ಒಂದಿಷ್ಟು ಸೊರಗಿತ್ತು. ರಾಜಧಾನಿಗೆ ಇದು ಹಿಡಿಸಲಿಲ್ಲ. ಸಮುದ್ರದಲ್ಲಿ ಮುತ್ತಿಗೆ ಹಾಕಿ ನಾಲ್ಕು ತಿಂಗಳಾದರೂ ವೈರಿಗೆ ಅಜೀರ್ಣವೇ ಆಗುತ್ತಿದೆಯೆಂದರೆ ಯಾರಿಗೆ ಹಿಡಿಸೀತು? ಹಾಗಿರುವಾಗ ನೂರಿಪ್ಪತ್ತೊಂದನೆಯ ದಿನ ಪವಾಡ ನಡೆಯಿತು. ಒಂದೇ ರಾತ್ರಿಯಲ್ಲಿ ಬೀಗರು ಹಸಿದರು, ಬೆಟಗೇರಿಯ ಹೊಟ್ಟೆ ತುಂಬಿತು.

ರಾಜಧಾನಿಯಿಂದ ಮೇಜರ್ ವೆಂಕಟಾಚಲ ಬಂದಿಳಿದ. ವರದಿಗಳಿಗೆ ಅರ್ಥ ಬರೆಯುವುದು ಅವನ ಕೆಲಸ. ಇಸ್ತ್ರಿ ಹಾಕಿದ ಮನುಷ್ಯ, ನಗುವಿಗೂ ಇಸ್ತ್ರಿ. ಮೂಗವ್ವನ ಪಟ್ಟಿಯನ್ನು ಮಗುವಿನ ಜಾತಕದಂತೆ ಎರಡೂ ಕೈಯಲ್ಲಿ ಹಿಡಿದು ಓದಿದ.

"ಕೀಟೋನ್ ಏರಿದೆ, ಹೆದರಿಕೆ ಏರಿದೆ, ಸರಿ. ಈ ಟಾರ್ಟಾರಿಕ್ ಆಮ್ಲ ಏನು ಮೇಡಂ? ದಿನಾ ಏರ್ತಾ ಇದೆಯಲ್ಲ?"

"ಯಂತ್ರದ ಪ್ರಕಾರ ದ್ರಾಕ್ಷಿ ಸೆರೆ ಕುಡದ್ರ ಮೂತ್ರದಾಗ ಅದು ಕಾಣತದ," ಎಂದಳು ನೀಲಾಂಬಿಕಾ. ಮೂಗವ್ವನ ತಲೆಯೊಳಗಿನ ನಿಘಂಟು ದ್ರಾಕ್ಷಿ ಬೆಳೆಯುವ ಯಾವುದೋ ದೇಶದಲ್ಲಿ ತಯಾರಾದದ್ದು. ಅಲ್ಲಿಯವರಿಗೆ ಆ ಆಮ್ಲ ಎಂದರೆ ವೈನು, ಇನ್ನೇನೂ ಅಲ್ಲ.

ಮೇಜರ್ ಕುರ್ಚಿಯಿಂದ ಎದ್ದ. "ಅಂದ್ರೆ ಜನ ಉಪವಾಸ, ಅಧಿಕಾರಿಗಳು ವೈನು! ಇದು ಬರೀ ಹಸಿವಲ್ಲ ಮೇಡಂ, ರಾಜಕೀಯ. ಬಿರುಕು ಬಿಟ್ಟಿದೆ ಅಲ್ಲಿ!"

ಮರುದಿನ ಪತ್ರಿಕೆಗಳಲ್ಲಿ ವೈರಿಯ ಸೇನಾನಿಗಳು ದ್ರಾಕ್ಷಾರಸದಲ್ಲಿ ಸ್ನಾನ ಮಾಡಿದರು. ಅದೇ ವಾರ ವೈರಿಯ ಕಡೆಯಿಂದ ಕದನವಿರಾಮದ ಮಾತು ಬಂದಿತ್ತು. 'ಹಸಿದವನ ಬೇಡಿಕೆ' ಎಂದು ಸರಕಾರ ತಳ್ಳಿಹಾಕಿತು. ಹೇಗೂ ಬೆಟಗೇರಿ ಸುತ್ತಿನ ಜನ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆಂದು ವಿಜ್ಞಾನವೇ ಹೇಳಿರುವಾಗ ಅಲ್ಲಿಯ ಪಡಿತರದ ಅಕ್ಕಿಯನ್ನು ಅರ್ಧಕ್ಕಿಳಿಸಿ ಉಳಿದದ್ದನ್ನು ಗಡಿಗೆ ಕಳಿಸಿದರು. ಹತ್ತು ದಿನ ಬಿಟ್ಟು ಆ ಅರ್ಧದಲ್ಲೂ ಅರ್ಧ. ಬೇಳೆ ಸಂಪೂರ್ಣ ಬಂದ್.

ಆಶ್ಚರ್ಯವೆಂದರೆ ಇಲ್ಲಿ ಪಡಿ ಇಳಿದ ಹಾಗೆಲ್ಲ ಅಲ್ಲಿ ಬೀಗರ ಹಸಿವು ಏರುತ್ತಿತ್ತು. ರಾಜಧಾನಿಯಲ್ಲಿ ಪೇಢೆ ಹಂಚಿದರೆಂದು ಸುದ್ದಿ.

*

ನೂರನಲವತ್ತನೆಯ ದಿನ ಮಧ್ಯಾಹ್ನ ನೀಲಾಂಬಿಕಾ ಊಟಕ್ಕೆ ಮನೆಗೆ ಹೋದಳು. ಅಣ್ಣ ಗಡಿಯಲ್ಲಿ ಸರಕುಲಾರಿ ಓಡಿಸುತ್ತಿದ್ದ. ಮನೆಯಲ್ಲಿದ್ದವರು ಅವನ ಹೆಂಡತಿ, ವೈನಿ ಬಸಲಿಂಗವ್ವ ಮತ್ತು ಅಣ್ಣನ ಮಗಳು ಮಂಜರಿ, ಆರು ವರ್ಷದ್ದು. ಮಗು ಚಾಪೆಯ ಮೇಲೆ ಮಲಗಿತ್ತು.

"ಸಾಲಿಗೆ ಹೋಗಿಲ್ಲೇನು ಇಕಿ?"

"ಹೋಗಿದ್ಲು. ಪ್ರಾರ್ಥನಾ ಹೇಳೂಮುಂದ ಚಕ್ಕರ್ ಬಂದು ಬಿದ್ಲಂತ. ಮಾಸ್ತರ್ ಹೊತಕೊಂಡ ಬಂದು ಹಾಕಿ ಹೋದ. ಅವನೂ ನೆಟ್ಟಗ ನಿಂದ್ರವಲ್ಲ, ಪಾಪ." ಬಸಲಿಂಗವ್ವ ತಾಟು ಇಟ್ಟಳು. ಬಟ್ಟಲಿನಲ್ಲಿ ಕಂದು ನೀರು, ಪಕ್ಕದಲ್ಲಿ ಕರೀ ಹಿಟ್ಟಿನ ಒಂದು ಮುದ್ದೆ.

"ಏನಿದು?"

"ಹುಣಸಿ ಸಾರು. ಬ್ಯಾಳಿ ಇಲ್ಲ, ಬೆಲ್ಲ ಇಲ್ಲ, ಮ್ಯಾಲ ಸಾರಿನ ಹೆಸರು. ಆ ಉಂಡಿ ಹುಣಸಿ ಬೀಜ ಹುರದು ಬೀಸಿದ್ದು. ಇಪ್ಪತ್ತು ದಿನದಿಂದ ಇದನ್ನ ತಿನ್ನಾಕತ್ತೀರಿ ಡಾಕ್ಟರ್‌ಬಾಯಾರ, ಇವತ್ತ ಕೇಳ್ತೀರಿ ಏನಂತ!"

ನಿಜ. ಅವಳು ನೋಡದೆ ಉಣ್ಣುತ್ತಿದ್ದಳು. ದಿನವಿಡೀ ಗಟಾರ ಮೂಸಿದವಳು ತಾಟಿನ ಕಡೆ ನೋಡಿ ಉಂಡರೆ ತುತ್ತು ಇಳಿಯುತ್ತಿರಲಿಲ್ಲ.

"ಓಣ್ಯಾಗ ಎಲ್ಲಾರೂ ಇದನ್ನ?"

"ಓಣ್ಯಾಗೇನು, ಇಡೀ ಊರು. ನರಗುಂದದ ರಸ್ತೆದಾಗಿನ ಹುಣಸಿ ಗಿಡಕ್ಕ ಒಂದು ಕಾಯಿ ಉಳದಿಲ್ಲ. ಮಕ್ಕಳಿಗಂತ ಕುಟ್ಟಿಟ್ಟ ಹುಣಸಿ ಚಿಗಳಿ ಸೈತ ತಿಂದು ಮುಗಿಸ್ಯಾರ. ಹುಳಿಗೆ ಹಲ್ಲು ಚಳತು ಹೋಗ್ಯಾವ ಎಲ್ಲಾರವೂ. ಯಾಕ, ನಿಮ್ಮ ಯಂತ್ರ ಹೇಳಲಿಲ್ಲೇನು? ನಾವು ಹೊಟ್ಟಿ ತುಂಬ ಉಣ್ಣಾಕತ್ತೀವಿ ಅಂತ ಪೇಪರಿಗೆ ಹೇಳಿದ್ದು ಅದ ಅಲ್ಲೇನು?"

ನೀಲಾಂಬಿಕಾ ಬಟ್ಟಲನ್ನು ಬಾಯಿಗೆತ್ತಿದಳು. ನಾಲಿಗೆ ಚುರ್ರೆಂದಿತು. ದವಡೆಯ ಎರಡೂ ಮೂಲೆ ಒಟ್ಟಿಗೆ ಹಿಡಿದುಕೊಂಡವು. ಕಾಲೇಜಿನಲ್ಲಿ ಓದಿದ ಒಂದು ಸಾಲು ಇಪ್ಪತ್ತು ವರ್ಷ ಎಲ್ಲಿ ಅಡಗಿ ಕುಳಿತಿತ್ತೋ, ಆ ಹುಳಿಯ ಜೊತೆಗೇ ಬಂತು: ಹುಣಸೆಯ ಹುಳಿಗೆ ಕಾರಣ, ಟಾರ್ಟಾರಿಕ್ ಆಮ್ಲ.

ಅವಳು ಬಟ್ಟಲನ್ನು ಕೆಳಗಿಟ್ಟಳು. "ವೈನಿ, ಒಂದು ಸ್ವಚ್ಛ ಬಾಟ್ಲಿ ಕೊಡ್ರಿ."

"ಯಾಕ?"

"ಬಚ್ಚಲಕ್ಕ ಹೋಗ್ಬೇಕು."

ಬಸಲಿಂಗವ್ವ ಬಾಟಲಿ ಕೊಟ್ಟಳು. ಈ ನೌಕರಿ ಮನುಷ್ಯರನ್ನು ಹಾಳು ಮಾಡುತ್ತದೆ ಎಂಬ ಅವಳ ಅಭಿಪ್ರಾಯಕ್ಕೆ ಇನ್ನೊಂದು ಪುರಾವೆ ಸಿಕ್ಕಿತು.

*

ಮೂಗವ್ವ ಮುಕ್ಕಾಲು ಗಂಟೆ ಗೊರಗುಟ್ಟಿ ಪಟ್ಟಿ ಕೊಟ್ಟಿತು. ಕೀಟೋನ್ ಅಧಿಕ. ಹೆದರಿಕೆ ಅಧಿಕ. ಟಾರ್ಟಾರಿಕ್ ಆಮ್ಲ ಅತ್ಯಧಿಕ. ಕೊನೆಯ ಸಾಲಿನಲ್ಲಿ ಮೇಜರನು ಎರಡು ವಾರದ ಹಿಂದೆ ತನ್ನ ಕೈಯಾರೆ ಸೇರಿಸಿಹೋಗಿದ್ದ ಹೊಸ ಅಭಿಪ್ರಾಯ: 'ವೈನ್ ಸೇವನೆ. ಶತ್ರು ಅಧಿಕಾರಿ ವರ್ಗ.'

ದಾವಲಸಾಬ ಅವಳ ಹೆಗಲ ಹಿಂದಿನಿಂದ ಇಣುಕಿದ. "ಯಾರ ಉಚ್ಚಿರಿ ಇದು?"

"ನಂದು."

ದಾವಲಸಾಬ ಒಂದು ಬೀಕರು ತೆಗೆದುಕೊಂಡು ಹೊರಗೆ ಹೋಗಿ ಬಂದ. ಅವನದನ್ನೂ ಹಾಕಿದರು. ಮತ್ತೆ ಮುಕ್ಕಾಲು ಗಂಟೆ. ಮತ್ತೆ ಅದೇ ಸಾಲು.

"ತೋಬಾ ತೋಬಾ! ಹಜ್ ಮಾಡಿ ಬಂದಾಂವ್ರಿ ನಾ. ಹುಟ್ಟಿದಾಗಿಂದ ಸೆರೆ ಮೂಸಿದಾಂವಲ್ಲ. ಈ ಮೂಗಕಿ ನನ್ನ ವೈರಿ ಸೈನ್ಯಾದಾಗ ಕಪ್ತಾನನ್ನ ಮಾಡ್ಯಾಳಲ್ರಿ!"

ಅವಳು ನಗಲಿಲ್ಲ. ಇಪ್ಪತ್ತು ದಿನಗಳ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿದಳು; ಅವುಗಳ ಹಿಂದಿನ, ನೂರಿಪ್ಪತ್ತನೆಯ ದಿನದ ಪಟ್ಟಿಯೇ ಇರಲಿಲ್ಲ. ಬೀಗರ ಹಸಿವು ಏರಿದ ದಿನಗಳೆಲ್ಲ ಬೆಟಗೇರಿಯಲ್ಲಿ ಪಡಿ ಇಳಿದ ದಿನಗಳ ಮರುದಿನಗಳೇ. ಬೀಗರ ಹೆದರಿಕೆ ಜಿಗಿದ ಎರಡೂ ಸಲ ಅದರ ಹಿಂದಿನ ದಿನ ಗದಗ ಸ್ಟೇಷನ್ನಿನಲ್ಲಿ ಸೈರನ್ ಕೂಗಿತ್ತು. ಹೀಗಿದ್ದರೆ ಮುಚ್ಚಳ ಅದಲುಬದಲಾಗಿದೆ. ಎಲ್ಲಿ? ಡಿಪೋದವರು ದಿನವೂ ಸರಿಯಾಗಿಯೇ ಹಾಕುತ್ತಿದ್ದರು. ಇಲ್ಲಿ ದಿನವೂ ಸರಿಯಾಗಿಯೇ ತೆಗೆಯುತ್ತಿದ್ದರು. ಇವೆರಡರ ನಡುವೆ ಇದ್ದವನು ಒಬ್ಬನೇ, ಡ್ರೈವರ್ ಈರಪ್ಪ. ಹಳೆಯ ಡ್ರೈವರನಿಗೆ ವರ್ಗವಾಗಿ ಇವನು ಬಂದು ತಿಂಗಳು ಮೀರಿತ್ತಷ್ಟೆ.

ಈರಪ್ಪ ಜೀಪಿನ ಬಾನೆಟ್ಟು ಒರೆಸುತ್ತಿದ್ದ.

"ಈರಪ್ಪ, ಯುದ್ಧದ ನೂರಿಪ್ಪತ್ತನೇ ದಿನ ನೀ ಬಾಟ್ಲಿ ತಂದಿಯೇನು?"

"ಅಂದ್ರ ಯಾವತ್ತರಿ?"

"ಮಣ್ಣೆತ್ತಿನ ಅಮಾಸಿ ದಿವಸ."

"ಅಮಾಸಿ ದಿವಸ ಗಾಡಿ ಹ್ಯಾಂಗ ಹೊಡೀಲಿಕ್ಕೆ ಬರತೈತ್ರಿ?" ಈರಪ್ಪನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಗಾಡಿ ತೊಳದು, ಲಿಂಬಿಹಣ್ಣು ಕಟ್ಟಿ, ಕಾಯಿ ಒಡದು ನಿಂದರಿಸಿಬಿಟ್ಟೆ. ಘಟ್ಟದ ಹಾದಿ, ಅಮಾಸಿ, ಮ್ಯಾಲ ಯುದ್ಧ. ಯಾರರ ಹೋಗ್ತಾರೇನ್ರಿ?"

"ಮತ್ತ ಆವತ್ತಿನ ಬಾಟ್ಲಿ?"

"ಮರುದಿವಸ ತಂದೆ. ಒಂದೂ ತಪ್ಪಿಸಿಲ್ರಿ! ಮೊದಲಿಟ್ಟದ್ದು ಮೊದಲು ಒಯ್ಯಿ ಅಂತಾರ ಡಿಪೋದವರು. ಅವತ್ತಿಂದ ದಿನಾ ಹಿಂದಿನ ದಿವಸದ್ದು ತರಾಕತ್ತೇನಿ, ಬರಾಬರಿ."

ಸಮ ದಿನ ಮುಚ್ಚಿದ ಬಾಟಲಿಯನ್ನು ಬೆಸ ದಿನ ತೆರೆದಿದ್ದರು, ಬೆಸ ದಿನದ್ದನ್ನು ಸಮ ದಿನ. ಒಬ್ಬ ಪ್ರಾಮಾಣಿಕ ಮನುಷ್ಯ ಒಂದು ಅಮಾವಾಸ್ಯೆ ಹಿಡಿದದ್ದಕ್ಕೆ ಎರಡು ಊರುಗಳು ಜಾಗ ಬದಲಿಸಿದ್ದವು. ಮೂರು ವಾರದಿಂದ ಮೂಗವ್ವ ವೈರಿಯ ಹಸಿವೆಂದು ಅಳೆದದ್ದು ಮಂಜರಿಯ ಹಸಿವು. ಪೇಢೆ ಹಂಚಿದ್ದು ಅದಕ್ಕೆ.

ನೀಲಾಂಬಿಕಾ ಜೀಪಿನ ಚಕ್ರದ ಪಕ್ಕದಲ್ಲಿ ಕುಳಿತುಕೊಂಡಳು. ಗಟಾರದ ವಾಸನೆಗೆ ಎಂದೂ ಬಾರದ ವಾಂತಿ ಗಂಟಲಿಗೆ ಬಂತು. ಹೊಟ್ಟೆಯಲ್ಲಿ ಏನೂ ಇರಲಿಲ್ಲವಾಗಿ ಬರೀ ಹುಳಿ ನೀರು ಬಿತ್ತು.

*

ನಿರ್ದೇಶಕ ಜಾಗೀರದಾರರು ಎಲ್ಲವನ್ನೂ ಕೇಳಿಸಿಕೊಂಡರು. ಪಟ್ಟಿಗಳನ್ನು ನೋಡಿದರು. ದಡ್ಡರಲ್ಲ, ಎರಡು ನಿಮಿಷದಲ್ಲಿ ಅವರಿಗೆ ಅರ್ಥವಾಯಿತು. ಅರ್ಥವಾದದ್ದೇ ತೊಂದರೆಯಾಯಿತು. ಬಾಗಿಲು ಹಾಕಿ ಬಂದು ಮೇಜರನನ್ನು ಕರೆಸಿದರು. ಅವನು ವಾರದಿಂದ ಊರಲ್ಲೇ ಬಂಗಲೆಯಲ್ಲಿದ್ದ.

ಮೇಜರ್ ವೆಂಕಟಾಚಲನ ಮುಖದ ಇಸ್ತ್ರಿ ಒಂದು ಕ್ಷಣ ಸುಕ್ಕಾಗಿ ಮತ್ತೆ ನೆಟ್ಟಗಾಯಿತು.

"ಎಷ್ಟು ಜನಕ್ಕೆ ಗೊತ್ತು?"

"ಇಡೀ ಊರಿಗೆ ಗೊತ್ತದ," ಎಂದಳು ನೀಲಾಂಬಿಕಾ. "ಉಪವಾಸ ಇರೋದು ಅವರಽ."

"ಅದಲ್ಲ ಮೇಡಂ. ಬಾಟ್ಲಿ ವಿಷಯ."

"ನಾನು, ದಾವಲಸಾಬ. ಈರಪ್ಪಗ ತಾ ಏನು ಮಾಡೇನಿ ಅನ್ನೋದು ಗೊತ್ತಿಲ್ಲ."

"ಗುಡ್. ನೋಡಿ, ಇಪ್ಪತ್ತು ವರದಿ ಹೋಗಿವೆ. ಸಂಪುಟದ ಮುಂದೆ ಓದಿದ್ದಾರೆ. ಕದನವಿರಾಮ ಬೇಡ ಅಂದದ್ದು ಅದನ್ನ ನೋಡಿ. ಈಗ ನಾವು ಹೋಗಿ, ಸ್ವಾಮೀ, ವೈರಿ ಮೀನು ತಿಂದ್ಕೊಂಡು ಹಾಯಾಗಿದಾನೆ, ಸಾಯ್ತಾ ಇರೋದು ನಮ್ಮೋರು ಅಂತ ಹೇಳೋದಾ? ಅದೂ ಒಬ್ಬ ಡ್ರೈವರ್ ಲಿಂಬೆಹಣ್ಣು ಕಟ್ಟಿದ ಅನ್ನೋ ಕಾರಣಕ್ಕೆ?"

"ಹೇಳೋದು. ಖರೆ ಹೇಳಲಿಕ್ಕೇ ಈ ಯಂತ್ರ ತಂದದ್ದು."

ಜಾಗೀರದಾರರು ಕೆಮ್ಮಿದರು. "ನೀಲಾ, ಸ್ವಲ್ಪ ಸಮಾಧಾನ. ಇನ್ನ ಹತ್ತು ದಿನಕ್ಕ ಮತ್ತ ಅಮಾವಾಸ್ಯಿ ಬರ್ತದ. ಅಂವಾ ಮತ್ತೊಂದು ದಿನ ಗಾಡಿ ನಿಂದರಸ್ತಾನ. ಎರಡು ದಿನ ಹಿಂದಾತು ಅಂದ್ರ ಸಮಕ್ಕ ಸಮ, ಬೆಸಕ್ಕ ಬೆಸ. ತಾನಽ ಸರಿ ಹೋಗ್ತದಲ್ಲ!"

ವೈಜ್ಞಾನಿಕ ಸಂಸ್ಥೆಯೊಂದರ ನಿರ್ದೇಶಕರು ಪಂಚಾಂಗದ ಕಡೆ ಇಷ್ಟು ಭಕ್ತಿಯಿಂದ ನೋಡಿದ್ದನ್ನು ಅವಳು ಹಿಂದೆ ಕಂಡಿರಲಿಲ್ಲ.

"ಹತ್ತು ದಿನ ಊರು ಏನು ತಿನ್ನಬೇಕ್ರಿ ಸರ್? ನಮ್ಮ ಮನ್ಯಾಗಿನ ಕೂಸು ಇವತ್ತ ಸಾಲ್ಯಾಗ ಬಿದ್ದದ. ಹತ್ತು ದಿನ ಆದ್ರ ಏಳೂದಿಲ್ಲ. ವರದಿ ಮ್ಯಾಲ ನನ್ನ ಸಹಿ ಬೇಕಲ್ಲ? ಅಕ್ಕಿ ಬರಲಾರದ ನಾ ಸಹಿ ಮಾಡೂದಿಲ್ಲ. ನನ್ನ ಸಹಿ ಇಲ್ಲಾಂದ್ರ ಮ್ಯಾಲಿನವರು ಯಾಕಂತ ಕೇಳತಾರ. ಕೇಳಿದ್ರ ಹೇಳತೇನಿ."

ಮೇಜರ್ ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ. ಆಮೇಲೆ ನಕ್ಕ. ಅವನಿಗೆ ಇದು ತಿಳಿಯುವ ಭಾಷೆ. ಸತ್ಯದ ಮಾತಾಡಿದಾಗ ಅವಳು ಅಪಾಯದವಳಾಗಿ ಕಂಡಿದ್ದಳು. ಅಕ್ಕಿಯ ಮಾತಾಡಿದ ಕೂಡಲೆ ತಮ್ಮವಳಾದಳು.

"ಅಷ್ಟೇ ತಾನೆ? ಬರಿಯೋಣ. 'ವೈರಿಯ ಪತನ ಸಮೀಪಿಸಿರುವ ಸಂದರ್ಭದಲ್ಲಿ ಜನರ ಉತ್ಸಾಹ ಕಾಪಾಡಲು ಬೆಟಗೇರಿ ವಿಭಾಗಕ್ಕೆ ವಿಜಯದ ವಿಶೇಷ ಪಡಿ.' ಪೂರ್ತಿ ಅಕ್ಕಿ, ಬೇಳೆ, ಬೆಲ್ಲಾನೂ ಹಾಕ್ಸೋಣ. ನೀವು ಅಮಾವಾಸ್ಯೆವರೆಗೂ ಹೀಗೇ ಸಹಿ ಹಾಕ್ತೀರಿ. ಆಯ್ತಾ?"

ಅವಳು "ಆತು" ಎಂದಳು. ಆ ಎರಡು ಅಕ್ಷರ ಬಾಯಿಂದ ಹೊರಬಿದ್ದಾಗ ಅವಳ ಕಣ್ಣ ಮುಂದೆ ಇದ್ದದ್ದು ಚಾಪೆಯ ಮೇಲಿನ ಮಗು. ಬೇರೆ ಯಾವುದೂ ಇರಲಿಲ್ಲ.

*

ಮೂರನೆಯ ದಿನ ಅಕ್ಕಿ ಬಂತು. ಲಾರಿಗಳಿಗೆ ತೋರಣ ಕಟ್ಟಿದ್ದರು. ಬೆಟಗೇರಿಯ ಓಣಿಗಳಲ್ಲಿ ಒಂದೇ ಸಲ ನೂರು ಒಲೆಗಳು ಹೊತ್ತಿಕೊಂಡವು. ಅನ್ನ ಬೇಯುವ ವಾಸನೆ ಜಿನ್ನಿನ ಗೋಡೆ ದಾಟಿ ಒಳಬಂದು ಗಟಾರದ ವಾಸನೆಯನ್ನು ಹಿಂದಕ್ಕೆ ಸರಿಸಿತು. ಬಸಲಿಂಗವ್ವ ಬೇಳೆಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಮಂಜರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣಿಸಿದಳು. ಮಗು ಮೊದಲ ದಿನ ಕಕ್ಕಿತು, ಎರಡನೆಯ ದಿನ ಅರಗಿಸಿಕೊಂಡಿತು, ಮೂರನೆಯ ದಿನ ಪಕ್ಕದ ಮನೆಯ ಹುಡುಗಿಯ ಜಡೆ ಎಳೆದು ಬೈಸಿಕೊಂಡು ಬಂತು.

"ಬೈಲಿ ಬಿಡ್ರಿ," ಎಂದಳು ಬಸಲಿಂಗವ್ವ, ಕಣ್ಣೊರೆಸಿಕೊಳ್ಳುತ್ತ. "ಜಗಳಾ ಮಾಡೂವಷ್ಟು ತ್ರಾಣ ಬಂತಲ್ಲ."

ಅಕ್ಕಿ ಬಂದ ನಾಲ್ಕನೆಯ ದಿನ ನೀಲಾಂಬಿಕಾ ಕೆಲಸಕ್ಕೆ ಬಂದಾಗ ದಾವಲಸಾಬ ಪರದೆಯ ಮುಂದೆ ಬಾಟಲಿ ಹಿಡಿದು ಹಾಗೇ ನಿಂತಿದ್ದ.

"ಬಾಯಾರ, ಬೀಗರು ಉಂಡಾರ್ರಿ."

"ಏನು?"

"ಕೀಟೋನು ಇಳದೈತಿ. ಹುಳಿ ಇಳದೈತಿ. ನಿನ್ನೇನೂ ಇಳದಿತ್ತು, ನಾ ಏನೋ ಇರಬೇಕಂತ ಬಿಟ್ಟೆ. ಕಾಗದದ ಮ್ಯಾಲ ಬೀಗರು ಹೊಟ್ಟಿ ತುಂಬ ಉಣ್ಣಾಕತ್ತಾರ. ನಾವಲ್ರಿ ಅದು? ನಮ್ಮ ಅಕ್ಕಿ ಅಲ್ಲಿ ಎದ್ದು ಕಾಣಾಕತ್ತೈತಿ."

ನಿನ್ನೆಯ ವರದಿಗೆ ಸಹಿ ಹಾಕಿದವಳು ಅವಳೇ. ಸಹಿ ಹಾಕುವಾಗ ಮಂಜರಿ ಏನು ಉಂಡಳೋ ಎಂದು ಯೋಚಿಸುತ್ತಿದ್ದಳು, ಅಂಕಿಗಳನ್ನು ನೋಡಿರಲಿಲ್ಲ. ಮೇಜರನ ಕೋಣೆಗೆ ಓಡಿದಳು. ಅವನು ದೂರವಾಣಿಯಲ್ಲಿದ್ದ, ಕೈಸನ್ನೆಯಿಂದ ಕೂರಲು ಹೇಳಿದ.

"ಹೌದು ಸಾರ್. ಎರಡು ದಿನದಿಂದ ಪಟ್ಟಣ ಏಳಕ್ಕೆ ಆಹಾರ ಹೋಗ್ತಾ ಇದೆ... ಅಕ್ಕಿ ಜಾತೀದು, ಬೇಳೇನೂ ಇದೆ... ಮುತ್ತಿಗೆ ಸೋರ್ತಾ ಇದೆ ಅಂತಾಯ್ತು... ಬಂದರಿನ ಒಳಗಡೆ ಇರೋ ಹಡಗುಗಳಿಂದಾನೇ ಇರಬೇಕು ಸಾರ್, ಇನ್ನೆಲ್ಲಿಂದ ಬರುತ್ತೆ?... ಖಂಡಿತ. ವಿಜ್ಞಾನಿಗಳ ಸಹಿ ಇದೆ."

ಅವನು ಫೋನಿಟ್ಟ.

"ಅದು ನಮ್ಮ ಅಕ್ಕಿ," ಎಂದಳು ಅವಳು. "ನೀವಽ ತರಸಿದ ಅಕ್ಕಿ! ನಿಮಗ ಗೊತ್ತದ!"

"ನನಗೆ ಗೊತ್ತು. ಅವರಿಗೆ ಗೊತ್ತಿಲ್ಲವಲ್ಲ. ಅವರು ಕೇಳಿದ್ರು, ಎಲ್ಲಿಂದ ಬಂತು ಅಂತ. ಏನು ಹೇಳ್ಲಿ? ಡಾಕ್ಟರ್ ನೀಲಾಂಬಿಕಾ ಅವರ ಮನೆಯಿಂದ ಅನ್ಲಾ?"

"ಏನು ಮಾಡತಾರ ಹಡಗಿಗೆ?"

ಮೇಜರ್ ಸಿಗರೇಟು ಹಚ್ಚಿದ. "ಹಡಗಿಗೆ ಏನು ಮಾಡ್ತಾರೆ ಮೇಡಂ ಯುದ್ಧದಲ್ಲಿ?"

ಅವಳು ಜಾಗೀರದಾರರ ಬಳಿಗೆ ಓಡಿದಳು. ಅವರು ರಜೆ ಹಾಕಿ ಹುಬ್ಬಳ್ಳಿಗೆ ಹೋಗಿದ್ದರು. ರಾಜಧಾನಿಗೆ ತಾನೇ ಫೋನು ಮಾಡಿದಳು. ಹೆಸರು, ಹುದ್ದೆ, ವಿಷಯ ಕೇಳಿಕೊಂಡ ಒಂದು ಹೆಣ್ಣು ದನಿ, ಆ ವಿಭಾಗದ ಸಂಗತಿಗಳಿಗೆಲ್ಲ ಮೇಜರ್ ವೆಂಕಟಾಚಲರೇ ಅಧಿಕೃತರೆಂದು ಹೇಳಿ ಫೋನನ್ನು ಅವನಿಗೇ ವರ್ಗಾಯಿಸಿತು. ಪಕ್ಕದ ಕೋಣೆಯಲ್ಲಿ ಫೋನಿನ ಗಂಟೆ ಬಡಿಯಿತು. "ಹಲೋ ಮೇಡಂ," ಎಂದ ಅವನು ಗೋಡೆಯಾಚೆಯಿಂದಲೂ ಫೋನಿನೊಳಗಿಂದಲೂ.

ಎರಡು ದಿನ ಕಳೆದು ಬೆಳಿಗ್ಗೆ ರೇಡಿಯೋ ಹೇಳಿತು. ಶತ್ರುಬಂದರಿನಲ್ಲಿ ಕಳ್ಳತನದಿಂದ ಧಾನ್ಯ ಇಳಿಸುತ್ತಿದ್ದ ಮೂರು ಹಡಗುಗಳನ್ನು ನಮ್ಮ ವೀರರು ಸುಟ್ಟರು. ಬೆಂಕಿ ದಂಡೆಯ ಓಣಿಗಳಿಗೂ ಹಬ್ಬಿತು. ವೈರಿಯ ಕಡೆಯ ಸಾವು ಲೆಕ್ಕಕ್ಕೆ ಸಿಕ್ಕಿಲ್ಲ. ಆಮೇಲೆ ಶಹನಾಯಿ ನುಡಿಸಿದರು. ಬಸಲಿಂಗವ್ವ ಅನ್ನ ಬಸಿಯುತ್ತ ಕೇಳಿದಳು, "ಅಲ್ಲೂ ಕಾಳು ಇತ್ತಂತಲ್ರಿ? ಅವರು ಉಪವಾಸ ಅದಾರ ಅಂದಿದ್ರು."

"ಇತ್ತು."

"ಸುಟ್ರು?"

"ಹೂಂ."

"ಅಯ್ಯ ಶಿವನ. ಸುಡೂದಾದ್ರ ಇಲ್ಲಿ ತಂದು ಒಗಿಬಾರದಾಗಿತ್ತ?"

ಅಂದಿನ ಬಾಟಲಿಗಳಲ್ಲಿ, ಕಾಗದದ ಪ್ರಕಾರ 'ಬೆಟಗೇರಿ'ಯಾಗಿದ್ದ ಬೀಗರ ಊರಿನ ಹೆದರಿಕೆಯ ಗೆರೆ ಪರದೆಯ ಮೇಲಂಚಿಗೆ ಹೋಗಿ ತಾಗಿತು. ಐದು ತಿಂಗಳಲ್ಲಿ ಯಾವ ಊರಿನ ಗೆರೆಯೂ ಅಷ್ಟು ಎತ್ತರ ಹೋಗಿರಲಿಲ್ಲ. ಮರುದಿನ ಅದಕ್ಕೆ ಕೀಟೋನ್ ಸೇರಿತು. ದಾವಲಸಾಬ ಆ ಬಾಟಲಿಯನ್ನು ತೊಳೆಯಲಿಲ್ಲ. ನಳದ ಕೆಳಗೆ ಹಿಡಿದು ಹಿಡಿದು, ಹಾಗೆಯೇ ಪಕ್ಕಕ್ಕಿಟ್ಟ. ಮೂಗವ್ವನೂ ಎಂದಿನಂತೆ ಗೊರಗುಟ್ಟಿ ಒಂದು ಅಭಿಪ್ರಾಯ ಹೇಳಿತು. ಅವರಿಬ್ಬರೂ ಅದನ್ನು ಓದಲಿಲ್ಲ.

ರಾಜಧಾನಿ ಕೇಳಿತು: ನಮ್ಮ ಊರು ಯಾಕೆ ಹೆದರಿದೆ? ಮೇಜರ್ ಬರೆದ: ವಿಜಯದ ಉದ್ವೇಗ.

*

ಅಮಾವಾಸ್ಯೆಯ ಹಿಂದಿನ ದಿನ ಈರಪ್ಪನಿಗೆ ಒಂದು ಸರಕಾರಿ ಆದೇಶ ಬಂತು. ನಾಳೆ ನಿನಗೆ ಸಂಬಳ ಸಹಿತ ರಜೆ; ವಾಹನಪೂಜೆಯನ್ನು ತಪ್ಪದೆ ಮಾಡತಕ್ಕದ್ದು. ಈರಪ್ಪ ಆ ಕಾಗದವನ್ನು ಎಲ್ಲರಿಗೂ ತೋರಿಸಿದ. ಇಷ್ಟು ಧರ್ಮವಂತ ಸರಕಾರ ತಾನು ಹುಟ್ಟಿದ ಮೇಲೆ ನೋಡಿರಲಿಲ್ಲ ಎಂದ.

ನೂರೈವತ್ತೊಂದನೆಯ ದಿನ ಬಾಟಲಿಗಳು ಬಂದವು. ಬೆಸ ದಿನ ಮುಚ್ಚಿದ್ದನ್ನು ಬೆಸ ದಿನವೇ ತೆರೆದರು. ಕೆಂಪು ಮುಚ್ಚಳ ಶತ್ರುವಿನದು, ನೀಲಿ ನಮ್ಮದು. ಮೂಗವ್ವ ಗೊರಗುಟ್ಟಿತು. ಮೇಜರ್ ಮತ್ತು ಜಾಗೀರದಾರರು ಇಬ್ಬರೂ ಪರದೆಯ ಮುಂದೆ ನಿಂತಿದ್ದರು, ಹೆರಿಗೆಕೋಣೆಯ ಹೊರಗೆ ನಿಂತ ಗಂಡಸರಂತೆ.

ಪಟ್ಟಿ ಬಂತು. ಪಟ್ಟಣ ಏಳು: ಹಸಿವು ತೀವ್ರ, ಹೆದರಿಕೆ ಹಿಂದೆಂದೂ ಕಾಣದಷ್ಟು. ಬೆಟಗೇರಿ: ಪೋಷಣೆ ಉತ್ತಮ, ನಿದ್ದೆ ಉತ್ತಮ.

ಜಾಗೀರದಾರರು ಮೂಗಿನಿಂದ ಉಸಿರು ಬಿಟ್ಟರು. "ನಾ ಹೇಳಲಿಲ್ಲ ನೀಲಾ? ತಾನಽ ಸರಿ ಹೋತು."

ಮೇಜರ್ ಪಟ್ಟಿಯನ್ನು ಅವಳ ಮುಂದಿಟ್ಟು ಪೆನ್ನು ಬಿಚ್ಚಿ ಕೊಟ್ಟ. "ನೋಡಿ ಮೇಡಂ. ನೀವು ಕೇಳಿದ್ದು ಸತ್ಯ ಅಲ್ವಾ? ಚೆಕ್ ಮಾಡ್ಕೊಳ್ಳಿ. ಬಾಟ್ಲಿ ಸರಿ, ದಿನ ಸರಿ, ಊರು ಸರಿ. ಇಪ್ಪತ್ತು ಹಳೇ ವರದಿಗೂ ಇದಕ್ಕೂ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಯಾರೂ ಯಾವತ್ತೂ ಏನೂ ಕೇಳೋ ಹಾಗಿಲ್ಲ."

ಅವಳು ಪರೀಕ್ಷಿಸಿದಳು. ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡಿದಳು. ಎಲ್ಲಾದರೂ ಒಂದು ತಪ್ಪು ಸಿಕ್ಕರೆ ಸಾಕು, ಪೆನ್ನು ಕೆಳಗಿಟ್ಟು ಎದ್ದುಬಿಡುತ್ತಿದ್ದಳು. ಸಿಗಲಿಲ್ಲ. ಮೂರು ವಾರ ಸುಳ್ಳಾಗಿದ್ದ ವರದಿಯನ್ನು ನಿಜ ಮಾಡಲು ಮೂರು ಹಡಗು ಮತ್ತು ದಂಡೆಯ ಒಂದಿಷ್ಟು ಓಣಿಗಳು ಬೇಕಾಗಿದ್ದವು, ಅವು ಸಂದಾಯವಾಗಿದ್ದವು. ಈಗ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸಹಿ ಮಾಡದಿದ್ದರೆ ಏನು ಹೇಳಿ ಮಾಡದಿರುವುದು? ಹಳೆಯದನ್ನು ಹೇಳಿದರೆ, ಅವಳ ಸಹಿಗೆ ಬದಲಾಗಿ ಬಂದಿದ್ದ ಬೆಟಗೇರಿಯ ಅಕ್ಕಿ ನಾಳೆಯೇ ನಿಲ್ಲುತ್ತದೆ. ಬೀಗರ ಊರಿನ ಅಕ್ಕಿಯೋ, ಆಗಲೇ ಸುಟ್ಟುಹೋಗಿದೆ.

ಅವಳು ಸಹಿ ಮಾಡಿದಳು. ಮೇಜರ್ ಶಾಯಿಯ ಮೇಲೆ ಉಫ್ ಎಂದು ಊದಿದ.

ಬೆಳಿಗ್ಗೆ ಉಂಡಿದ್ದ ಅನ್ನ, ಬೇಳೆಸಾರು, ಬೆಳ್ಳುಳ್ಳಿಯ ಸಮೇತ ಗಂಟಲಿಗೆ ಬಂದು ನಿಂತಿತು. ನೀಲಾಂಬಿಕಾ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಒತ್ತಿ, ಅದನ್ನು ಮತ್ತೆ ನುಂಗಿದಳು. ಚೆಲ್ಲುವಂಥ ಅನ್ನವಲ್ಲ ಅದು.